ಮೊದಲ ಪುಲ್ ರಿಕ್ವೆಸ್ಟ್ ಕೆಂಪಾಗಿದ್ದು ಯಾಕೆ?

ಪ್ರಶ್ನೆ: ಪೈಥಾನ್ ಭಾಷೆ, ಅದರ ಅಂಕಿಲೆಕ್ಕದ ಲೈಬ್ರರಿ ನಂಪೈ ಎರಡೂ ಚೆನ್ನಾಗಿ ಬರುತ್ತವೆ. ಎರಡು ವರ್ಷದಿಂದ ಮಷಿನ್ ಲರ್ನಿಂಗ್ ಕೆಲಸದಲ್ಲಿದ್ದೇನೆ. ದಿನಾ ಬಳಸುವ ಒಂದು ಓಪನ್ ಸೋರ್ಸ್ ಲೈಬ್ರರಿಗೆ ನನ್ನ ಕೈಲಾದ ಕೊಡುಗೆ ಕೊಡೋಣ ಎಂದು ಹೊರಟೆ. ಅದು ಪೈಥಾನ್‌ನ ಮಷಿನ್ ಲರ್ನಿಂಗ್ ಲೈಬ್ರರಿ ಸೈಕಿಟ್-ಲರ್ನ್ ಮಾದರಿಯದ್ದೇ. ಹೊಸಬರಿಗೆಂದು ‘ಗುಡ್ ಫಸ್ಟ್ ಇಶ್ಯೂ’ ಲೇಬಲ್ ಹಚ್ಚಿದ ಇಶ್ಯೂಗಳನ್ನೆಲ್ಲ (ದೂರು, ಬೇಡಿಕೆಗಳ ನಮೂದುಗಳು) ಯಾರೋ ಆಗಲೇ ಹಿಡಿದಿದ್ದರು. ಕೊನೆಗೆ ನಾನೇ ಒಂದು ಲೋಪ ಹುಡುಕಿದೆ: ಆಲ್ಫಾ ಎಂಬ ಪ್ಯಾರಾಮೀಟರ್‌ಗೆ ಋಣಸಂಖ್ಯೆ ಕೊಟ್ಟರೂ ಎಸ್ಟಿಮೇಟರ್ (ಡೇಟಾದಿಂದ ಕಲಿಯುವ ವಸ್ತು) ಸುಮ್ಮನೆ ಒಪ್ಪಿಕೊಳ್ಳುತ್ತದೆ. ಆ ವಸ್ತುವನ್ನು ಕಟ್ಟುವ ಕನ್‌ಸ್ಟ್ರಕ್ಟರ್‌ನಲ್ಲೇ ಪರಿಶೀಲನೆ ಬರೆದೆ. ಆಲ್ಫಾದ ಡಿಫಾಲ್ಟ್ ಬೆಲೆ ‘ನನ್’ (None, ಪೈಥಾನ್‌ನಲ್ಲಿ ‘ಏನೂ ಇಲ್ಲ’) ಇತ್ತು, ಅದನ್ನು ಅಲ್ಲೇ 1.0 ಆಗಿ ಬದಲಿಸುವ ಸಾಲನ್ನೂ ಸೇರಿಸಿದೆ. ಸೇವ್ ಮಾಡುವಾಗ ಎಡಿಟರ್ ಇಡೀ ಫೈಲನ್ನು ಫಾರ್ಮ್ಯಾಟ್ ಮಾಡಿಬಿಟ್ಟಿತು, ಹಾಗೇ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಮನವಿ) ಕಳಿಸಿದೆ. ಹಲವು ಟೆಸ್ಟ್‌ಗಳು ಕೆಂಪು, ಅಂದರೆ ಫೇಲ್. ಮೂರು ವಾರವಾಯಿತು, ಯಾರೂ ಒಂದು ಮಾತೂ ಆಡಿಲ್ಲ. ಎಲ್ಲಿ ಎಡವಿದೆ? ನನ್ನ ಗಣಿತ ಸಾಲದೇ?

ಉತ್ತರ: ಗಣಿತದ ಮಾತು ಆಮೇಲೆ ಆಡೋಣ. ನೀವು ಎಡವಿದ್ದು ಪರಿಶೀಲನೆಯನ್ನು ಇಟ್ಟ ಜಾಗದಲ್ಲಿ. ಆ ಜಾಗ ಯಾಕೆ ಸರಿಯಲ್ಲ ಎನ್ನುವುದು ಗೊತ್ತಾದರೆ ಇಂಥ ಲೈಬ್ರರಿಯ ಅರ್ಧ ನಡವಳಿಕೆ ಗೊತ್ತಾದಂತೆ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ. ಹೆಸರು ಹಿಡಿದು ಹೇಳಬೇಕಾದಲ್ಲಿ ಸೈಕಿಟ್-ಲರ್ನ್ ಅನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅದರ ಕಟ್ಟುಪಾಡುಗಳನ್ನು ಎಷ್ಟೋ ಲೈಬ್ರರಿಗಳು ಹಾಗೆಹಾಗೇ ಎತ್ತಿಕೊಂಡಿವೆ.

ಸೈಕಿಟ್-ಲರ್ನ್‌ನಲ್ಲಿ ಕನ್‌ಸ್ಟ್ರಕ್ಟರ್‌ಗೆ ಇರುವುದು ಒಂದೇ ಕೆಲಸ: ಬಳಕೆದಾರರು ಕೊಟ್ಟದ್ದನ್ನು ಅದೇ ಹೆಸರಿನಲ್ಲಿ, ಕೊಟ್ಟ ಹಾಗೇ ಇಟ್ಟುಕೊಳ್ಳುವುದು. ಅಲ್ಲಿ ಪರೀಕ್ಷಿಸುವಂತಿಲ್ಲ, ಬದಲಿಸುವಂತಿಲ್ಲ, ನಕಲು ಮಾಡುವಂತಿಲ್ಲ. ಹೊಸಬರಿಗೆ ಇದು ವಿಚಿತ್ರ ಎನಿಸುತ್ತದೆ, ಯಾಕೆಂದರೆ ಬೇರೆಲ್ಲ ಕಡೆ ‘ತಪ್ಪನ್ನು ಬಾಗಿಲಲ್ಲೇ ತಡೆಯಿರಿ’ ಎಂದು ಕಲಿತಿರುತ್ತೇವೆ. ಕಾರಣ ತಿಳಿಯಲು, ಪ್ಯಾರಾಮೀಟರ್‌ಗೆ ಒಳ್ಳೆಯ ಬೆಲೆ ಹುಡುಕಿಕೊಡುವ ಗ್ರಿಡ್‌ಸರ್ಚ್‌ಸಿವಿ ಒಳಗೆ ಏನಾಗುತ್ತದೆ ನೋಡಿ. ಆಲ್ಫಾದ 10 ಬೆಲೆಗಳನ್ನು 5 ಫೋಲ್ಡ್‌ಗಳಲ್ಲಿ (ಡೇಟಾದ ಪಾಲುಗಳಲ್ಲಿ) ಹುಡುಕಿದರೆ 50 ಸಲ ಫಿಟ್ ಆಗಬೇಕು, ಅಂದರೆ ಡೇಟಾದಿಂದ ಕಲಿಯಬೇಕು. ಪ್ರತಿ ಸಲವೂ ಮೊದಲು ‘ಕ್ಲೋನ್’ ಒಂದು ಹೊಸ ಪ್ರತಿ ತೆಗೆಯುತ್ತದೆ. ಆಮೇಲೆ ‘ಸೆಟ್ ಪ್ಯಾರಮ್ಸ್’ ಹೊಸ ಬೆಲೆಯನ್ನು ಆ ಪ್ರತಿಯ ಮೇಲೆ ನೇರವಾಗಿ ಬರೆಯುತ್ತದೆ. ಕೊನೆಗೆ ‘ಫಿಟ್’. ನಡುವಿನ ಹೆಜ್ಜೆಯಲ್ಲಿ ಕನ್‌ಸ್ಟ್ರಕ್ಟರ್ ಓಡುವುದೇ ಇಲ್ಲ. ಆಲ್ಫಾ ಅತಿ ಹೆಚ್ಚು ಸಲ ಬದಲಾಗುವುದು ಇಲ್ಲೇ, ನಿಮ್ಮ ಕಾವಲುಗಾರ ಮಾತ್ರ ಇನ್ನೊಂದು ಬಾಗಿಲಲ್ಲಿ ಕುಳಿತಿದ್ದಾನೆ.

ಡಿಫಾಲ್ಟನ್ನು ಬದಲಿಸಿದ ಸಾಲಿನ ಕಥೆಯೂ ಇದೇ. ಕನ್‌ಸ್ಟ್ರಕ್ಟರ್‌ನ ಸಿಗ್ನೇಚರ್‌ನಲ್ಲಿ (ಪ್ಯಾರಾಮೀಟರ್‌ಗಳ ಪಟ್ಟಿಯಲ್ಲಿ) ‘ನನ್’ ಎಂದಿದೆ, ಆದರೆ ವಸ್ತುವನ್ನು ಕಟ್ಟಿದ ತಕ್ಷಣ ‘ಗೆಟ್ ಪ್ಯಾರಮ್ಸ್’ ಕೇಳಿದರೆ 1.0 ಬರುತ್ತದೆ. ಎರಡೂ ತಾಳೆಯಾಗುತ್ತವೆಯೇ ಎಂದು ನೋಡುವುದಕ್ಕೇ ಒಂದು ಟೆಸ್ಟ್ ಇದೆ, ನಿಮ್ಮ ಕೆಂಪು ಗುರುತುಗಳಲ್ಲಿ ಒಂದು ಬಹುಶಃ ಅದರದ್ದೇ. ಇನ್ನು ಗ್ರಿಡ್‌ನಲ್ಲಿ ‘ನನ್’ ಒಂದು ಆಯ್ಕೆಯಾಗಿದ್ದರೆ ‘ಸೆಟ್ ಪ್ಯಾರಮ್ಸ್’ ಮೂಲಕ ಅದು ನೇರ ಒಳಗೆ ಹೋಗುತ್ತದೆ. 1.0 ಮಾಡುವ ಸಾಲು ಓಡಿರುವುದಿಲ್ಲ, ‘ಫಿಟ್’ ಅದನ್ನು 1.0 ಎಂದು ನೋಡುವುದಿಲ್ಲ. ನಕಲು ಮಾಡುವುದರಿಂದಲೂ ಇಂಥದ್ದೇ ತೊಂದರೆ. ತೂಕಗಳ ಪಟ್ಟಿಯನ್ನು ಕನ್‌ಸ್ಟ್ರಕ್ಟರ್‌ನಲ್ಲಿ ಹೊಸ ನಂಪೈ ಅರೇ ಮಾಡಿಟ್ಟರೆ ‘ಕ್ಲೋನ್’ ರನ್‌ಟೈಮ್ ಎರರ್ ಎಸೆಯುತ್ತದೆ. ತಾನು ಕೊಟ್ಟದ್ದೂ ಒಳಗೆ ಕುಳಿತದ್ದೂ ಒಂದೇ ವಸ್ತುವೇ ಎಂದು ಅದು ಪೈಥಾನ್‌ನ ‘ಈಸ್’ ಹಾಕಿಯೇ ನೋಡುತ್ತದೆ, ಬೆಲೆ ಸಮವಾಗಿದ್ದರೆ ಸಾಲದು.

ಹಾಗಾದರೆ ಪರಿಶೀಲನೆಯ ಜಾಗ ಎಲ್ಲಿ? ‘ಫಿಟ್’ನಲ್ಲಿ. ಸೈಕಿಟ್-ಲರ್ನ್‌ನ 1.2ನೇ ಆವೃತ್ತಿಯಿಂದ ಇದಕ್ಕೆ ಸಿದ್ಧ ವ್ಯವಸ್ಥೆಯೇ ಇದೆ. ಎಸ್ಟಿಮೇಟರ್‌ನ ಕ್ಲಾಸಿನಲ್ಲಿ ‘ಪ್ಯಾರಾಮೀಟರ್ ಕನ್‌ಸ್ಟ್ರೇಂಟ್ಸ್’ ಎಂಬ ಡಿಕ್ಷನರಿ ಇರುತ್ತದೆ. ಅದರಲ್ಲಿ ‘ಆಲ್ಫಾ ಸೊನ್ನೆ ಅಥವಾ ಅದಕ್ಕಿಂತ ದೊಡ್ಡ ನೈಜ ಸಂಖ್ಯೆ, ಇಲ್ಲವೇ ನನ್’ ಎಂದು ಒಂದು ಸಾಲು ಬರೆದರೆ, ‘ಫಿಟ್’ ಕರೆದಾಗ ಪರೀಕ್ಷೆ ತಾನಾಗಿ ನಡೆಯುತ್ತದೆ, ಎರರ್ ಸಂದೇಶವೂ ಎಲ್ಲ ಕಡೆ ಒಂದೇ ಧಾಟಿಯಲ್ಲಿ ಬರುತ್ತದೆ. ಈ ಡಿಕ್ಷನರಿ ಇಲ್ಲದ ಲೈಬ್ರರಿಯಾದರೆ ‘ಫಿಟ್’ನ ಮೊದಲ ಸಾಲುಗಳಲ್ಲೇ ಪರಿಶೀಲಿಸಿ. ಡೇಟಾ ನೋಡಿ ಲೆಕ್ಕ ಹಾಕಿದ ಬೆಲೆಗಳ ಹೆಸರಿನ ಕೊನೆಗೆ ಒಂದು ಅಂಡರ್‌ಸ್ಕೋರ್ ಬರಲಿ. ಬಳಕೆದಾರರು ಕೊಟ್ಟ ಆಲ್ಫಾವನ್ನು ಮಾತ್ರ ಎಂದಿಗೂ ಮುಟ್ಟಬೇಡಿ. ಇದನ್ನೆಲ್ಲ ಕಳಿಸುವ ಮೊದಲೇ ನೋಡಿಕೊಳ್ಳಬಹುದಿತ್ತು: ‘ಚೆಕ್ ಎಸ್ಟಿಮೇಟರ್’ ಎಂಬ ಫಂಕ್ಷನ್‌ಗೆ ನಿಮ್ಮ ಎಸ್ಟಿಮೇಟರ್ ಕೊಟ್ಟರೆ ಈ ಎಲ್ಲ ಕಟ್ಟುಪಾಡುಗಳನ್ನು ಅದು ಒಂದೊಂದಾಗಿ ಪರೀಕ್ಷಿಸುತ್ತದೆ.

ಇನ್ನು ಆ ಫಾರ್ಮ್ಯಾಟಿಂಗ್. ನಿಮ್ಮ ನಿಜವಾದ ತಿದ್ದುಪಡಿ ನಾಲ್ಕು ಸಾಲು ಇರಬಹುದು, ಡಿಫ್‌ನಲ್ಲಿ (ಬದಲಾದ ಸಾಲುಗಳ ಪಟ್ಟಿಯಲ್ಲಿ) ಕಾಣುವುದು ನೂರಾರು. ಆ ರಾಶಿಯಲ್ಲಿ ನಾಲ್ಕು ಸಾಲು ಹುಡುಕುವುದು ರಿವ್ಯೂ ಮಾಡುವವರ ತಲೆಗೆ ಬಿತ್ತು. ಇಂಥ ಪ್ರಾಜೆಕ್ಟ್‌ಗಳಲ್ಲಿ ಕೋಡ್ ಬರೆಯುವವರಿಗೆ ಬರವಿಲ್ಲ. ಅದನ್ನು ಓದಿ, ತೂಗಿ, ಹೂಂ ಎನ್ನುವವರಿಗೆ ಬರ. ಸೈಕಿಟ್-ಲರ್ನ್‌ನಲ್ಲಿ ಕೋಡ್ ಬದಲಾವಣೆ ಒಳಗೆ ಹೋಗಲು ಇಬ್ಬರು ಕೋರ್ ಡೆವಲಪರ್‌ಗಳ ಒಪ್ಪಿಗೆ ಬೇಕು. ಅವರ ಮುಂದೆ ತೆರೆದ ಪುಲ್ ರಿಕ್ವೆಸ್ಟ್‌ಗಳು ನೂರಾರು. ಐದು ನಿಮಿಷದಲ್ಲಿ ಓದಿ ಮುಗಿಸಬಹುದಾದದ್ದು ಮೊದಲು ಕೈಗೆ ಸಿಗುತ್ತದೆ, ಕೆಂಪಾದ ದೊಡ್ಡ ಡಿಫ್ ತಳ ಸೇರುತ್ತದೆ. ಮುಂದೆ ನಾನು ಹೇಳುವ ಹೆಚ್ಚಿನದ್ದೆಲ್ಲ ಇದೊಂದಕ್ಕೇ: ನಿಮ್ಮ ಬದಲಾವಣೆ ಸರಿಯಿದೆಯೇ ಎಂದು ನೋಡುವ ಶ್ರಮ ಕಡಿಮೆಯಾಗಲಿ.

ಸುಮ್ಮನಿದ್ದದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು. ಗಿಟ್‌ಹಬ್‌ನಲ್ಲಿ ಮೊದಲ ಸಲ ಕೊಡುಗೆ ಕೊಡುವವರ ಸಿಐ (ಕಳಿಸಿದ ಕೋಡ್ ಮೇಲೆ ಟೆಸ್ಟ್ ಓಡಿಸುವ ವ್ಯವಸ್ಥೆ) ತಾನಾಗಿ ಓಡದೆ ಮೇಂಟೇನರ್ (ಪ್ರಾಜೆಕ್ಟ್ ನೋಡಿಕೊಳ್ಳುವವರು) ಒಬ್ಬರ ಅನುಮತಿಗೆ ಕಾಯುವುದುಂಟು. ಪುಟದ ಕೆಳಗೆ ‘ಅನುಮತಿಗಾಗಿ ಕಾಯುತ್ತಿದೆ’ ಎಂಬ ಅರ್ಥದ ಸಾಲು ಇದೆಯೇ ನೋಡಿ. ಕೆಲವು ಟೆಸ್ಟ್ ಮಾತ್ರ ಓಡಿ, ಉಳಿದವು ಶುರುವೇ ಆಗದಿದ್ದರೆ ಇದೇ ಕಾರಣ ಇರಬಹುದು. ಇದರಲ್ಲಿ ನಿಮ್ಮ ತಪ್ಪೇನಿಲ್ಲ.

ಈಗ ತಯಾರಿಯ ವಿಷಯ. ಹೊಸಬರ ಉತ್ಸಾಹ ಅರ್ಧಕ್ಕರ್ಧ ಸೋರಿಹೋಗುವುದು ಬಿಲ್ಡ್‌ನಲ್ಲೇ (ಮೂಲ ಕೋಡನ್ನು ಓಡುವ ರೂಪಕ್ಕೆ ತರುವಲ್ಲಿ), ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಿಟ್‌ಹಬ್‌ನಲ್ಲಿ ರೆಪೊಸಿಟರಿಯನ್ನು (ಕೋಡ್ ಸಂಗ್ರಹವನ್ನು) ನಿಮ್ಮ ಖಾತೆಗೆ ಫೋರ್ಕ್ ಮಾಡಿ, ಆ ಫೋರ್ಕನ್ನು ನಿಮ್ಮ ಕಂಪ್ಯೂಟರ್‌ಗೆ ಕ್ಲೋನ್ ಮಾಡಿ, ಮೂಲ ರೆಪೊಸಿಟರಿಯನ್ನು ‘ಅಪ್‌ಸ್ಟ್ರೀಮ್’ ಹೆಸರಿನಲ್ಲಿ ಎರಡನೇ ರಿಮೋಟ್ ಆಗಿ ಸೇರಿಸಿ. ಕೆಲಸಕ್ಕೆ ಬಳಸುವ ಎನ್ವಿರಾನ್‌ಮೆಂಟ್ ಬಿಟ್ಟು ಹೊಸದೊಂದನ್ನು ಮಾಡಿಕೊಳ್ಳಿ, ಕೊಂಡಾ ಆದರೂ ಸರಿ, ವೆನ್ವ್ ಆದರೂ ಸರಿ. ಅದರಲ್ಲಿ ನಂಪೈ, ಸೈಪೈ, ಸೈಥಾನ್ (ಪೈಥಾನ್‌ನಂಥ ಕೋಡನ್ನು ಸಿ ಭಾಷೆಗೆ ಇಳಿಸುವ ಸಾಧನ), ಬಿಲ್ಡ್ ಸಾಧನಗಳಾದ ಮೆಸನ್-ಪೈಥಾನ್ ಮತ್ತು ನಿಂಜಾ, ಜಾಬ್‌ಲಿಬ್, ಥ್ರೆಡ್‌ಪೂಲ್‌ಸಿಟಿಎಲ್, ಪೈಟೆಸ್ಟ್ ಇರಲಿ. ಜತೆಗೆ ಸಿ ಮತ್ತು ಸಿ++ ಕಂಪೈಲರ್ ಬೇಕು: ಉಬುಂಟುವಿನಲ್ಲಿ ‘ಬಿಲ್ಡ್-ಎಸೆನ್ಶಿಯಲ್’ ಪ್ಯಾಕೇಜ್, ವಿಂಡೋಸ್‌ನಲ್ಲಿ ವಿಶುವಲ್ ಸ್ಟುಡಿಯೋದ ಬಿಲ್ಡ್ ಟೂಲ್ಸ್. ಮ್ಯಾಕ್‌ನಲ್ಲಿ ಒಂದು ಹಳೆಯ ತಕರಾರು ಇದೆ: ಆ್ಯಪಲ್‌ನ ಕಂಪೈಲರ್ ಕ್ಲ್ಯಾಂಗ್ ಜತೆ ಓಪನ್‌ಎಂಪಿ (ಹಲವು ಕೋರ್‌ಗಳಲ್ಲಿ ಒಟ್ಟಿಗೆ ಓಡಿಸುವ ವ್ಯವಸ್ಥೆ) ಬರುವುದಿಲ್ಲ. ಕೊಂಡಾ-ಫೋರ್ಜ್‌ನ ‘ಕಂಪೈಲರ್ಸ್’ ಮತ್ತು ‘ಎಲ್‌ಎಲ್‌ವಿಎಂ-ಓಪನ್‌ಎಂಪಿ’ ಹಾಕಿಕೊಂಡರೆ ಬಗೆಹರಿಯುತ್ತದೆ.

ಆಮೇಲೆ ಪಿಪ್‌ನಿಂದ ‘ಎಡಿಟಬಲ್’ ಇನ್‌ಸ್ಟಾಲ್ (ನಿಮ್ಮ ಫೋಲ್ಡರ್‌ನ ಕೋಡೇ ನೇರ ಓಡುವಂಥದ್ದು), ಜತೆಗೆ ‘ನೋ-ಬಿಲ್ಡ್-ಐಸೊಲೇಶನ್’ ಆಯ್ಕೆ. ಈ ಎರಡನೆಯದನ್ನು ಮರೆಯುವವರೇ ಹೆಚ್ಚು. ಅದಿಲ್ಲದಿದ್ದರೆ ಪಿಪ್ ಒಂದು ತಾತ್ಕಾಲಿಕ ಎನ್ವಿರಾನ್‌ಮೆಂಟ್ ಮಾಡಿ, ಅಲ್ಲಿ ಬಿಲ್ಡ್ ಮುಗಿಸಿ, ಅದನ್ನು ಅಳಿಸಿಹಾಕುತ್ತದೆ. ಮೆಸನ್-ಪೈಥಾನ್‌ನ ಎಡಿಟಬಲ್ ಕ್ರಮದಲ್ಲಿ ನೀವು ಪ್ರತಿ ಸಲ ಇಂಪೋರ್ಟ್ ಮಾಡಿದಾಗ, ಬದಲಾದ ಸೈಥಾನ್ ಫೈಲುಗಳು ತಾವಾಗಿ ಮರುಬಿಲ್ಡ್ ಆಗಬೇಕು. ಆಗ ಅದು ಹುಡುಕುವ ನಿಂಜಾ ಆ ಅಳಿದುಹೋದ ಫೋಲ್ಡರ್‌ನಲ್ಲಿತ್ತು. ಹೀಗಾಗಿ ಇನ್‌ಸ್ಟಾಲ್ ಸಲೀಸಾಗಿ ಮುಗಿದು, ಇಂಪೋರ್ಟ್ ಮಾತ್ರ ಬೀಳುತ್ತದೆ. ಸಂದೇಶ ನೋಡಿದರೆ ತಲೆಬುಡ ಗೊತ್ತಾಗುವುದಿಲ್ಲ.

ಬಿಲ್ಡ್ ನಡುವೆ ಲ್ಯಾಪ್‌ಟಾಪ್ ಹೆಪ್ಪುಗಟ್ಟಿದಂತಾದರೆ ಮೆಮೊರಿ ಸಾಲುತ್ತಿಲ್ಲ ಎಂದರ್ಥ. ಒಟ್ಟಿಗೆ ಓಡುವ ಕಂಪೈಲ್ ಕೆಲಸಗಳನ್ನು ಎರಡಕ್ಕೆ ಇಳಿಸಿ. ಎಲ್ಲ ಮುಗಿದ ಮೇಲೆ ಪೈಥಾನ್ ತೆರೆದು ಲೈಬ್ರರಿ ಇಂಪೋರ್ಟ್ ಮಾಡಿ, ಅದರ ‘ಫೈಲ್’ ಗುಣ ಎಲ್ಲಿಗೆ ಬೆರಳು ತೋರಿಸುತ್ತದೆ ನೋಡಿ. ನಿಮ್ಮ ಕ್ಲೋನ್‌ನ ಫೋಲ್ಡರ್ ಬರಬೇಕು. ‘ಸೈಟ್-ಪ್ಯಾಕೇಜಸ್’ ಎಂದು ಬಂದರೆ ಹಳೆಯ ಪ್ರತಿ ಅಲ್ಲೇ ಉಳಿದಿದೆ. ಅದನ್ನು ತೆಗೆಯದೆ ಮುಂದುವರಿದರೆ ಗಂಟೆಗಟ್ಟಲೆ ಕೋಡ್ ತಿದ್ದುತ್ತೀರಿ, ಓಡುವುದು ಮಾತ್ರ ಇನ್ನೊಂದು.

ಕೆಲಸ ಯಾವಾಗಲೂ ಹೊಸ ಬ್ರಾಂಚ್‌ನಲ್ಲಿ. ಪ್ರಾಜೆಕ್ಟ್‌ನ ಪ್ರಿ-ಕಮಿಟ್ ಹುಕ್‌ಗಳನ್ನು (ಕಮಿಟ್‌ಗೆ ಮುಂಚೆ ಕೋಡ್ ಪರೀಕ್ಷಿಸುವ ಸ್ಕ್ರಿಪ್ಟ್‌ಗಳನ್ನು) ಇನ್‌ಸ್ಟಾಲ್ ಮಾಡಿಕೊಂಡು ಎಡಿಟರ್‌ನ ಸ್ವಂತ ಫಾರ್ಮ್ಯಾಟರನ್ನು ಆ ಫೋಲ್ಡರ್‌ನ ಮಟ್ಟಿಗೆ ಆರಿಸಿಬಿಡಿ. ಕಮಿಟ್ ಮಾಡುವಾಗ ‘ಗಿಟ್ ಆ್ಯಡ್’ಗೆ ‘ಪ್ಯಾಚ್’ ಆಯ್ಕೆ ಕೊಟ್ಟರೆ ಪ್ರತಿ ತುಂಡನ್ನೂ ತೋರಿಸಿ ಬೇಕೇ ಬೇಡವೇ ಎಂದು ಕೇಳುತ್ತದೆ. ನಿಮ್ಮ ಡಿಫನ್ನು ಮೊದಲು ಓದುವವರು ನೀವೇ ಆಗಲಿ. ಮೂಲ ರೆಪೊಸಿಟರಿ ಮುಂದೆ ಹೋಗಿದ್ದರೆ ಅಪ್‌ಸ್ಟ್ರೀಮ್‌ನಿಂದ ಫೆಚ್ ಮಾಡಿ ಅದರ ಮುಖ್ಯ ಬ್ರಾಂಚನ್ನು ನಿಮ್ಮ ಬ್ರಾಂಚ್‌ಗೆ ಮರ್ಜ್ ಮಾಡಿ. ರಿವ್ಯೂ ಶುರುವಾದ ಮೇಲೆ ರೀಬೇಸ್ ಮಾಡಿ (ಕಮಿಟ್‌ಗಳ ಇತಿಹಾಸವನ್ನು ಮತ್ತೆ ಬರೆದು) ಫೋರ್ಸ್ ಪುಶ್ ಮಾಡಿದರೆ ಹಳೆಯ ಕಾಮೆಂಟ್‌ಗಳು ಜಾಗ ತಪ್ಪುತ್ತವೆ, ‘ಹೋದ ಸಲ ನೋಡಿದ ಮೇಲೆ ಏನು ಬದಲಾಯಿತು’ ಎಂಬುದು ಅವರಿಗೆ ಕಾಣುವುದಿಲ್ಲ. ಸೈಕಿಟ್-ಲರ್ನ್‌ನಲ್ಲಿ ಒಳಗೆ ಸೇರಿಸುವಾಗ ಎಲ್ಲ ಕಮಿಟ್‌ಗಳನ್ನೂ ಹಿಂಡಿ ಒಂದೇ ಮಾಡುತ್ತಾರೆ. ಹಾಗಾಗಿ ಇತಿಹಾಸವನ್ನು ಅಂದಗಾಣಿಸುವ ಹಟ ಬೇಡ.

ಟೆಸ್ಟ್ ಬರೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರಿವ್ಯೂ ಮಾಡುವವರು ಮೊದಲು ಕಣ್ಣು ಹಾಕುವುದೇ ಅಲ್ಲಿ. ದೂರು ಹೀಗಿದೆ ಎಂದಿಟ್ಟುಕೊಳ್ಳಿ: ಒಂದು ಟ್ರಾನ್ಸ್‌ಫಾರ್ಮರ್‌ಗೆ (ಡೇಟಾದ ರೂಪ ಬದಲಿಸುವ ಎಸ್ಟಿಮೇಟರ್‌ಗೆ) ಮಾಮೂಲಿ ಅರೇ ಕೊಟ್ಟರೆ ಒಂದು ಉತ್ತರ, ಅದೇ ಡೇಟಾವನ್ನು ಸ್ಪಾರ್ಸ್ ಮ್ಯಾಟ್ರಿಕ್ಸ್ (ಸೊನ್ನೆಗಳನ್ನು ಬಿಟ್ಟು ಉಳಿದದ್ದನ್ನಷ್ಟೇ ಇಡುವ ರೂಪ) ಆಗಿ ಕೊಟ್ಟರೆ ಇನ್ನೊಂದು. ಮೊದಲ ಕೆಲಸ ಅದನ್ನು ಚಿಕ್ಕದು ಮಾಡುವುದು. ಸಿಎಸ್‌ವಿ ಫೈಲು ಬೇಡ, ಪಾಂಡಾಸ್ ಬೇಡ, ಪೈಪ್‌ಲೈನ್ ಬೇಡ. 6 ಸಾಲು 3 ಕಾಲಂನ ಸಂಖ್ಯೆಗಳಲ್ಲೇ ತಪ್ಪು ಕಾಣಿಸಿಕೊಳ್ಳುವ ತನಕ ಕಡಿಯುತ್ತಾ ಹೋಗಿ. ಕಡಿಯುವಾಗ ತಪ್ಪು ಮಾಯವಾದರೆ ಕೊನೆಯಲ್ಲಿ ತೆಗೆದದ್ದರಲ್ಲೇ ಸುಳಿವಿದೆ. ಕಾಲಂ ಒಂದರಲ್ಲಿ ಎಲ್ಲವೂ ಸೊನ್ನೆ ಇತ್ತೇ? ಇಂಡೆಕ್ಸ್‌ಗಳು ಅನುಕ್ರಮವಾಗಿ ಇರಲಿಲ್ಲವೇ? ಎಷ್ಟೋ ಸಲ ಇಷ್ಟರಲ್ಲೇ ಮೂಲ ಕಾರಣ ಸಿಕ್ಕಿರುತ್ತದೆ. ಇದನ್ನಷ್ಟೇ ಇಶ್ಯೂನಲ್ಲಿ ಬರೆದು, ‘ಶೋ ವರ್ಷನ್ಸ್’ ಫಂಕ್ಷನ್ ಕೊಡುವ ಆವೃತ್ತಿಗಳ ಪಟ್ಟಿ ಅಂಟಿಸಿದರೂ ಅದು ಪೂರ್ಣ ಪ್ರಮಾಣದ ಕೊಡುಗೆಯೇ.

ಆ ಆರು ಸಾಲನ್ನೇ ಟೆಸ್ಟ್ ಆಗಿಸಿ, ಆ ಮಾಡ್ಯೂಲ್‌ನ ‘ಟೆಸ್ಟ್ಸ್’ ಫೋಲ್ಡರ್‌ನಲ್ಲಿ ಈಗಿರುವ ಫೈಲಿನ ಕೊನೆಗೆ ಸೇರಿಸಿ. ತಿದ್ದುವ ಮೊದಲು ಅದು ಕೆಂಪಾಗುವುದನ್ನು ಕಣ್ಣಾರೆ ನೋಡಿ. ಈಗಾಗಲೇ ತಿದ್ದಿಬಿಟ್ಟಿದ್ದರೆ ‘ಗಿಟ್ ಸ್ಟ್ಯಾಶ್ ಪುಶ್’ಗೆ ಮೂಲ ಕೋಡ್‌ನ ಫೈಲಿನ ಹೆಸರನ್ನಷ್ಟೇ ಕೊಟ್ಟು ತಿದ್ದುಪಡಿಯನ್ನು ಬದಿಗಿಡಿ, ಟೆಸ್ಟ್ ಓಡಿಸಿ, ‘ಗಿಟ್ ಸ್ಟ್ಯಾಶ್ ಪಾಪ್’ನಿಂದ ವಾಪಸ್ ತನ್ನಿ. ತಿದ್ದುಪಡಿ ಇಲ್ಲದೆಯೂ ಹಸಿರಾಗುವ ಟೆಸ್ಟ್ ಯಾವ ಕೆಲಸಕ್ಕೂ ಬಾರದು. ನೋಡಲು ಅಚ್ಚುಕಟ್ಟಾಗಿದ್ದು ಏನನ್ನೂ ಹಿಡಿಯದ ಟೆಸ್ಟ್‌ಗಳು ಹೊಸಬರ ಪುಲ್ ರಿಕ್ವೆಸ್ಟ್‌ಗಳಲ್ಲಿ ಕಂಡುಬರುತ್ತಲೇ ಇರುತ್ತವೆ. ಇಡೀ ಟೆಸ್ಟ್ ಸಂಚಯ ಓಡಿಸಲು ಹೊತ್ತು ಹಿಡಿಯುತ್ತದೆ. ಪೈಟೆಸ್ಟ್‌ಗೆ ಫೈಲಿನ ಹೆಸರು ಕೊಟ್ಟು, ‘ಕೆ’ ಆಯ್ಕೆಯಲ್ಲಿ ಟೆಸ್ಟ್‌ನ ಹೆಸರು ಕೊಟ್ಟರೆ ಅದೊಂದೇ ಓಡುತ್ತದೆ.

ಸಂಖ್ಯೆಗಳನ್ನು ಹೋಲಿಸುವಾಗ ಎರಡು ಸಮ ಚಿಹ್ನೆ ಹಾಕಬೇಡಿ. 32 ಬಿಟ್ ಫ್ಲೋಟ್‌ಗೆ ಸುಮಾರು 7 ಅಂಕೆಗಳ ನಿಖರತೆ ಮಾತ್ರ ಇರುತ್ತದೆ, ಕೂಡುವ ಕ್ರಮ ಬದಲಾದರೂ ಕೊನೆಯ ಅಂಕೆ ಬದಲಾಗುತ್ತದೆ. ಸೈಕಿಟ್-ಲರ್ನ್‌ನ ಒಳಗಿನ ‘ಅಸರ್ಟ್ ಆಲ್‌ಕ್ಲೋಸ್’ ಇದನ್ನು ಬಲ್ಲದು: ನೀವೇನೂ ಹೇಳದಿದ್ದರೆ 32 ಬಿಟ್‌ಗೆ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು, 64 ಬಿಟ್‌ಗೆ ಕೋಟಿಯಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವನ್ನು ಕ್ಷಮಿಸುತ್ತದೆ. ನಂಪೈನ ಅದೇ ಹೆಸರಿನ ಫಂಕ್ಷನ್ ಎರಡಕ್ಕೂ ಕೋಟಿಯಲ್ಲಿ ಒಂದರ ಪಟ್ಟು ಹಿಡಿಯುತ್ತದೆ. ಹೆಸರು ಒಂದೇ ಎಂದು ತಪ್ಪಾದದ್ದನ್ನು ಇಂಪೋರ್ಟ್ ಮಾಡಿಕೊಂಡೀರಿ. ಟೆಸ್ಟ್‌ನಲ್ಲಿ ಯಾದೃಚ್ಛಿಕ ಡೇಟಾ ಬೇಕಿದ್ದರೆ ‘ಗ್ಲೋಬಲ್ ರ‍್ಯಾಂಡಮ್ ಸೀಡ್’ ಎಂಬ ಫಿಕ್ಸ್‌ಚರ್ (ಟೆಸ್ಟ್‌ಗೆ ಪೈಟೆಸ್ಟ್ ಒದಗಿಸುವ ಸಾಮಗ್ರಿ) ಬಳಸಿ. ಮಾಮೂಲಿಯಾಗಿ ಅದು ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಆರಂಭಬಿಂದು) ಆಗಿ 42 ಕೊಡುತ್ತದೆ, ಬೇಕೆಂದಾಗ 0ಯಿಂದ 99ರವರೆಗಿನ ಎಲ್ಲ ಸೀಡ್‌ಗಳಲ್ಲೂ ಓಡಿಸಬಹುದು. 42ರಲ್ಲಿ ಮಾತ್ರ ಪಾಸಾಗುವ ಟೆಸ್ಟ್ ಬರೆದಿದ್ದರೆ ಬಣ್ಣ ಅಲ್ಲಿ ಬಯಲಾಗುತ್ತದೆ.

‘ನನ್ನ ಕಂಪ್ಯೂಟರ್‌ನಲ್ಲಿ ಓಡುತ್ತದಲ್ಲ’ ಎಂಬ ಗೋಳಿಗೆ ಸಾಮಾನ್ಯವಾಗಿ ಎರಡು ಮೂಲ. ಒಂದು, ಸಿಐನಲ್ಲಿ ಬೆಂಬಲಿತ ಅತಿ ಹಳೆಯ ಆವೃತ್ತಿಗಳದ್ದೇ ಒಂದು ಎನ್ವಿರಾನ್‌ಮೆಂಟ್ ಇರುತ್ತದೆ. ನೀವು ಬಳಸಿದ ನಂಪೈ ಫಂಕ್ಷನ್ ಆ ಕಾಲಕ್ಕೆ ಹುಟ್ಟಿಯೇ ಇರಲಿಕ್ಕಿಲ್ಲ. ಇಂಥವಕ್ಕೆ ಬದಲಿ ವ್ಯವಸ್ಥೆ ‘ಫಿಕ್ಸಸ್’ ಎಂಬ ಫೈಲಿನಲ್ಲಿ ಇರುತ್ತದೆ, ಹೊಸದಾಗಿ ಬರೆಯುವ ಮೊದಲು ಅಲ್ಲಿ ನೋಡಿ. ಎರಡು, ಪೂರ್ಣಾಂಕದ ಗಾತ್ರ. 2024ರಲ್ಲಿ ಬಂದ ನಂಪೈ 2.0ಕ್ಕೆ ಮುಂಚೆ ವಿಂಡೋಸ್‌ನಲ್ಲಿ ಡಿಫಾಲ್ಟ್ ಪೂರ್ಣಾಂಕ 32 ಬಿಟ್ ಇತ್ತು. ಲಿನಕ್ಸ್‌ನಲ್ಲಿ ಸರಿಯಾಗಿ ಕೂಡಿದ್ದು ಅಲ್ಲಿ ಮಿತಿ ಮೀರಿ ಋಣಸಂಖ್ಯೆಯಾಗಿ ಹೊರಬರಬಹುದು. ಕೆಂಪು ಗುರುತು ಕಂಡ ಕೂಡಲೇ ಗಾಬರಿಯಾಗದೆ ಯಾವ ಎನ್ವಿರಾನ್‌ಮೆಂಟ್ ಎಂದು ಮೊದಲು ಓದಿ. ನೀವು ಮುಟ್ಟದ ಮಾಡ್ಯೂಲ್‌ನಲ್ಲಿ ಬಿದ್ದಿದ್ದರೆ ಮುಖ್ಯ ಬ್ರಾಂಚ್‌ನಲ್ಲೂ ಅದು ಬೀಳುತ್ತಿದೆಯೇ ನೋಡಿ.

ಯಾವ ಇಶ್ಯೂ ಹಿಡಿಯಬೇಕು? ‘ಗುಡ್ ಫಸ್ಟ್ ಇಶ್ಯೂ’ ಬಾಗಿಲಲ್ಲಿ ನೂಕುನುಗ್ಗಲು ಸಹಜ, ಅಲ್ಲಿ ಸರದಿ ಕಾಯುವುದನ್ನು ಬಿಡಿ. ‘ಸ್ಟಾಲ್ಡ್’ ಎಂದು ಗುರುತಾದ ಹಳೆಯ ಪುಲ್ ರಿಕ್ವೆಸ್ಟ್‌ಗಳನ್ನು ನೋಡಿ. ಯಾರೋ ಮುಕ್ಕಾಲು ಕೆಲಸ ಮಾಡಿ ಬಿಟ್ಟಿರುತ್ತಾರೆ, ರಿವ್ಯೂ ಕಾಮೆಂಟ್‌ಗಳು ಅಲ್ಲೇ ಇರುತ್ತವೆ. ಏನು ಉಳಿದಿದೆ ಎನ್ನುವುದು ಮೇಂಟೇನರ್‌ಗಳ ಮಾತಿನಲ್ಲೇ ಸಿಗುತ್ತದೆ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಮುಂದುವರಿಸಲೇ ಎಂದು ಅಲ್ಲಿ ಕೇಳಿ, ಸ್ವಲ್ಪ ದಿನ ಕಾಯಿರಿ. ಅವರ ಕಮಿಟ್‌ಗಳನ್ನು ಉಳಿಸಿಕೊಂಡೇ ಮುಂದೆ ಬರೆಯಿರಿ, ಇಲ್ಲವೇ ಕಮಿಟ್ ಸಂದೇಶದಲ್ಲಿ ಸಹಲೇಖಕರೆಂದು ಹೆಸರು ಹಾಕಿ. ‘ನೀಡ್ಸ್ ಟ್ರಯಾಜ್’ ಲೇಬಲ್ ಇರುವ ಇಶ್ಯೂಗೆ ಕೋಡ್ ಬರೆಯಬೇಡಿ. ಅದು ತಪ್ಪೋ ಅಲ್ಲವೋ ಎಂದೇ ಇನ್ನೂ ತೀರ್ಮಾನವಾಗಿರುವುದಿಲ್ಲ. ಅದನ್ನು ನಿಮ್ಮ ಯಂತ್ರದಲ್ಲಿ ಮರುಸೃಷ್ಟಿಸಿ, ‘ಗಿಟ್ ಬೈಸೆಕ್ಟ್’ನಿಂದ ಯಾವ ಕಮಿಟ್‌ನಲ್ಲಿ ಕೆಟ್ಟಿತೆಂದು ಹುಡುಕಿ ಹೇಳಿದರೆ ಮಾತ್ರ ತುಂಬಾ ಉಪಕಾರ. ಸೈಕಿಟ್-ಲರ್ನ್‌ನಲ್ಲಿ ಇಶ್ಯೂ ಹಿಡಿಯಲು ಓರೆಗೆರೆ ಹಾಕಿ ‘ಟೇಕ್’ ಎಂದು ಕಾಮೆಂಟ್ ಮಾಡಿದರೆ ಸಾಕು, ನಿಮ್ಮ ಹೆಸರಿಗೆ ಬರೆದುಕೊಳ್ಳುತ್ತದೆ. ಐದು ಇಶ್ಯೂಗಳ ಮೇಲೆ ಟವೆಲ್ ಹಾಕಿ ಹೋಗಬೇಡಿ.

ಡಾಕ್ಯುಮೆಂಟೇಶನ್ ಕೆಲಸವನ್ನು ಕೀಳೆಂದು ಬಗೆಯಬೇಡಿ. ಆದರೆ ಒಂದೊಂದು ಕಾಗುಣಿತಕ್ಕೆ ಒಂದೊಂದು ಪುಲ್ ರಿಕ್ವೆಸ್ಟ್ ಕಳಿಸುವುದೂ ಬೇಡ. ಡಾಕ್‌ಸ್ಟ್ರಿಂಗ್‌ಗಳು (ಕೋಡ್ ಒಳಗೇ ಬರೆದ ವಿವರಣೆಗಳು) ನಂಪೈಡಾಕ್ ಕ್ರಮದಲ್ಲಿ ಇರಬೇಕು: ಪ್ಯಾರಾಮೀಟರ್‌ನ ಹೆಸರಿಗೂ ಕೋಲನ್‌ಗೂ ನಡುವೆ ಖಾಲಿ ಜಾಗ ಇರಲೇಬೇಕು. ಅದೊಂದು ತಪ್ಪಿದರೆ ಹೆಸರು ಮತ್ತು ಟೈಪ್ ಒಂದಕ್ಕೊಂದು ಅಂಟಿ ಪುಟ ಕೆಡುತ್ತದೆ. ‘ಎಕ್ಸಾಂಪಲ್ಸ್’ ಭಾಗದ ಕೋಡ್ ಟೆಸ್ಟ್ ಆಗಿಯೂ ಓಡುತ್ತದೆ, ಅಲ್ಲಿ ಬರೆದ ಔಟ್‌ಪುಟ್ ಓಡಿಸಿದಾಗ ಬರುವುದಕ್ಕೆ ಹೊಂದಬೇಕು. ಉದಾಹರಣೆಗಳ ಫೋಲ್ಡರ್‌ನಲ್ಲಿ ‘ಪ್ಲಾಟ್’ ಮತ್ತು ಅಂಡರ್‌ಸ್ಕೋರ್‌ನಿಂದ ಶುರುವಾಗುವ ಫೈಲುಗಳನ್ನು ಮಾತ್ರ ಡಾಕ್ಯುಮೆಂಟೇಶನ್ ಬಿಲ್ಡ್ ಓಡಿಸಿ ಚಿತ್ರ ತೆಗೆಯುತ್ತದೆ. ಬೇರೆ ಹೆಸರಿಟ್ಟು ‘ಚಿತ್ರ ಬರುತ್ತಿಲ್ಲ’ ಎಂದು ತಲೆ ಚಚ್ಚಿಕೊಂಡವರಿದ್ದಾರೆ.

ಹೊಸ ಅಲ್ಗಾರಿದಂ ಸೇರಿಸುವ ಆಸೆ ಮೊದಲ ವರ್ಷ ಬೇಡ. ಪ್ರಬಂಧ ಪ್ರಕಟವಾಗಿ ಕನಿಷ್ಠ 3 ವರ್ಷ ಆಗಿರಬೇಕು, 200ಕ್ಕಿಂತ ಹೆಚ್ಚು ಉಲ್ಲೇಖ ಇರಬೇಕು, ವ್ಯಾಪಕ ಬಳಕೆ ಇರಬೇಕು ಎಂಬುದು ಸೈಕಿಟ್-ಲರ್ನ್‌ನ ಅಳತೆಗೋಲು. ಸೇರಿಸಿದ್ದನ್ನು ಎಷ್ಟೋ ವರ್ಷ ಸಾಕಬೇಕಾದವರು ಅವರೇ ತಾನೇ? ಒಂದು ಪ್ಯಾರಾಮೀಟರ್‌ನ ಹೆಸರು ಬದಲಿಸುವುದಕ್ಕೂ ಎರಡು ಆವೃತ್ತಿಗಳ ಕಾಲ ಎಚ್ಚರಿಕೆ ಕೊಡಬೇಕು. ಲೈಸೆನ್ಸ್ ಇನ್ನೊಂದು ಗುಂಡಿ. ಸೈಕಿಟ್-ಲರ್ನ್‌ನದು ಮೂರು ಷರತ್ತಿನ ಬಿಎಸ್‌ಡಿ. ಆರ್ ಭಾಷೆಯ ಬಹಳಷ್ಟು ಪ್ಯಾಕೇಜ್‌ಗಳು ಜಿಪಿಎಲ್, ಅಂದರೆ ಅದರಿಂದ ಹುಟ್ಟಿದ ಕೋಡೂ ಜಿಪಿಎಲ್‌ನಲ್ಲೇ ಇರಬೇಕೆನ್ನುವ ಲೈಸೆನ್ಸ್. ಅಲ್ಲಿನ ಕೋಡನ್ನು ಸಾಲುಸಾಲಾಗಿ ಪೈಥಾನ್‌ಗೆ ಇಳಿಸಿ ಕಳಿಸಿದರೆ ಸೇರಿಸಲಾಗದು. ಪ್ರಬಂಧ ಓದಿ ಬರೆಯಿರಿ. ಡೀಪ್ ಲರ್ನಿಂಗ್ ಲೈಬ್ರರಿಗಳಾದ ಪೈಟಾರ್ಚ್, ಟೆನ್ಸರ್‌ಫ್ಲೋಗಳಲ್ಲಿ ಮೊದಲ ಪುಲ್ ರಿಕ್ವೆಸ್ಟ್‌ಗೇ ಸಿಎಲ್‌ಎ (ಕೊಡುಗೆದಾರರ ಪರವಾನಗಿ) ಎಂಬ ಒಪ್ಪಂದಕ್ಕೆ ಸಹಿ ಹಾಕಬೇಕು. ಕಂಪನಿಯ ಕೆಲಸದಲ್ಲಿರುವವರು ಮೊದಲೇ ತಮ್ಮ ಕಂಪನಿಯಲ್ಲಿ ಕೇಳಿಕೊಂಡಿರುವುದು ಒಳ್ಳೆಯದು.

ಪೈಟಾರ್ಚ್ ಮೇಲೆ ಮನಸ್ಸಿದ್ದರೆ ಒಂದು ಮಾತು: ಇಡೀ ಸಿ++ ಭಾಗ ಬಿಲ್ಡ್ ಮಾಡಲು ಸಾಧಾರಣ ಲ್ಯಾಪ್‌ಟಾಪ್‌ಗೆ ಗಂಟೆಗಳೇ ಹಿಡಿದಾವು. ನೀವು ತಿದ್ದುವುದು ಬರೀ ಪೈಥಾನ್ ಆಗಿದ್ದರೆ, ರೆಪೊಸಿಟರಿಯಲ್ಲಿರುವ ‘ನೈಟ್ಲಿ’ ಸ್ಕ್ರಿಪ್ಟ್ ಹಿಂದಿನ ರಾತ್ರಿಯ ಸಿದ್ಧ ಬೈನರಿಗಳನ್ನು ತಂದು ಕೊಡುತ್ತದೆ, ಕಂಪೈಲ್ ಗೊಡವೆ ಇಲ್ಲ. ಹಗ್ಗಿಂಗ್ ಫೇಸ್‌ನ ಟ್ರಾನ್ಸ್‌ಫಾರ್ಮರ್ಸ್ ಲೈಬ್ರರಿಯಲ್ಲಿ ‘ಕಾಪೀಡ್ ಫ್ರಮ್’ ಎಂಬ ಕಾಮೆಂಟ್ ಇರುವ ಕೋಡ್ ತುಂಡುಗಳ ಬಗ್ಗೆ ಹುಷಾರು. ಅವು ಇನ್ನೊಂದು ಮಾಡೆಲ್‌ನ ತದ್ರೂಪಾಗಿರಬೇಕು, ನಕಲನ್ನು ತಿದ್ದಿದರೆ ಸಿಐ ಬೀಳುತ್ತದೆ. ತಿದ್ದಬೇಕಾದದ್ದು ಮೂಲವನ್ನು.

ಎಐ ಸಹಾಯದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಪೂರ್ತಿ ಯಂತ್ರವೇ ಬರೆದ ಇಶ್ಯೂ, ಪುಲ್ ರಿಕ್ವೆಸ್ಟ್‌ಗಳನ್ನು ಕಳಿಸಬೇಡಿ ಎಂದು ಸೈಕಿಟ್-ಲರ್ನ್ ಸ್ಪಷ್ಟವಾಗಿ ಬರೆದಿಟ್ಟಿದೆ. ಅಂಥವನ್ನು ಮುಚ್ಚುವ, ಕಳಿಸಿದವರನ್ನು ತಡೆಯುವ ಅಧಿಕಾರವನ್ನೂ ಇಟ್ಟುಕೊಂಡಿದೆ. ಕೋಡ್ ಹುಡುಕಲು, ಅರ್ಥ ಮಾಡಿಕೊಳ್ಳಲು ಬಳಸಿ. ‘ಈ ಸಾಲು ಯಾಕೆ?’ ಎಂದು ಕೇಳಿದರೆ ನಿಮ್ಮ ಬಾಯಿಂದ ಉತ್ತರ ಬರದಂಥ ಯಾವುದನ್ನೂ ಕಳಿಸಬೇಡಿ.

ಗಣಿತಕ್ಕೆ ಬರೋಣ. ಮೊದಲ ಹತ್ತು ಕೊಡುಗೆಗಳಿಗೆ ನಂಪೈನ ಬ್ರಾಡ್‌ಕಾಸ್ಟಿಂಗ್ (ಬೇರೆ ಬೇರೆ ಗಾತ್ರದ ಅರೇಗಳನ್ನು ಹೊಂದಿಸಿ ಲೆಕ್ಕ ಮಾಡುವ ಕ್ರಮ), ಪೈಟೆಸ್ಟ್, ಗಿಟ್ ಇಷ್ಟು ಬಂದರೆ ಧಾರಾಳ. ಲೀನಿಯರ್ ಮಾಡೆಲ್‌ಗಳ ಸಾಲ್ವರ್‌ಗೆ ಕೈಹಾಕುವಾಗ ರೇಖೀಯ ಬೀಜಗಣಿತ ಬೇಕೇ ಬೇಕು. ಡಿಸಿಷನ್ ಟ್ರೀ ಕಡೆ ಹೋದರೆ ಗಣಿತಕ್ಕಿಂತ ಸೈಥಾನ್ ಮತ್ತು ಮೆಮೊರಿಯ ಅರಿವು ಹೆಚ್ಚು ಬೇಕಾಗುತ್ತದೆ. ನಿಮಗೆ ದಿನಾ ಬಳಕೆಯಿರುವ ಮಾಡ್ಯೂಲ್ ಯಾವುದೋ ಅಲ್ಲೇ ನೆಲೆಯೂರಿ.

ಇನ್ನು ಆ ಮೂರು ವಾರದ ಪುಲ್ ರಿಕ್ವೆಸ್ಟ್. ಮುಚ್ಚಬೇಡಿ, ಅದೇ ಬ್ರಾಂಚ್‌ನಲ್ಲಿ ಮುಂದುವರಿಯಿರಿ. ಅಪ್‌ಸ್ಟ್ರೀಮ್‌ನ ಮುಖ್ಯ ಬ್ರಾಂಚನ್ನು ಮರ್ಜ್ ಮಾಡಿ, ನೀವು ತಿದ್ದಿದ ಫೈಲನ್ನು ಅಲ್ಲಿನ ಮೂಲ ರೂಪಕ್ಕೆ ತಂದು, ಆಲ್ಫಾದ ಪರಿಶೀಲನೆಯನ್ನು ಮಾತ್ರ ‘ಫಿಟ್’ ಕಡೆಗೆ ಹೊಸದಾಗಿ ಬರೆಯಿರಿ. ‘ನನ್’ ಅನ್ನು 1.0 ಮಾಡುವ ಸಾಲು ತೆಗೆದುಹಾಕಿ. ಅದು ಬಳಕೆದಾರರಿಗೆ ಕಾಣುವ ವರ್ತನೆಯನ್ನು ಬದಲಿಸುತ್ತದೆ, ಬೇಕೆನಿಸಿದರೆ ಮೊದಲು ಬೇರೆ ಇಶ್ಯೂ ತೆರೆದು ಕೇಳಿ. ಋಣಸಂಖ್ಯೆಗೆ ಎರರ್ ಬರುವುದನ್ನು ನೋಡುವ ಟೆಸ್ಟ್ ಸೇರಿಸಿ. ಅದರಲ್ಲಿ ‘ಸೆಟ್ ಪ್ಯಾರಮ್ಸ್’ ಮೂಲಕ ಬೆಲೆ ಕೊಟ್ಟು ‘ಫಿಟ್’ ಕರೆಯಿರಿ. ಇಶ್ಯೂ ಇಲ್ಲದಿದ್ದರೆ ಈಗಲಾದರೂ ಒಂದು ತೆರೆದು, ಪುಲ್ ರಿಕ್ವೆಸ್ಟ್‌ನ ವಿವರಣೆಯಲ್ಲಿ ‘ಫಿಕ್ಸಸ್’ ಎಂಬ ಪದದ ಮುಂದೆ ಅದರ ಸಂಖ್ಯೆ ಹಾಕಿ, ಮರ್ಜ್ ಆದಾಗ ಇಶ್ಯೂ ತಾನಾಗಿ ಮುಚ್ಚಿಕೊಳ್ಳುತ್ತದೆ. ಬದಲಾವಣೆಯ ಟಿಪ್ಪಣಿ ಕೇಳುವ ಪ್ರಾಜೆಕ್ಟ್ ಆದರೆ ಅದನ್ನೂ ಬರೆಯಿರಿ. ಎಲ್ಲ ಹಸಿರಾದ ಮೇಲೆ ಒಂದೇ ಕಾಮೆಂಟ್: ಪರಿಶೀಲನೆಯನ್ನು ‘ಫಿಟ್’ಗೆ ಸರಿಸಿದ್ದೇನೆ, ಫಾರ್ಮ್ಯಾಟಿಂಗ್ ಬದಲಾವಣೆ ತೆಗೆದಿದ್ದೇನೆ, ಈಗ ಡಿಫ್ ಇಷ್ಟು ಸಾಲು. ಎರಡು ವಾರ ಯಾರೂ ಬಾರದಿದ್ದರೆ ಮತ್ತೊಮ್ಮೆ ವಿನಯದಿಂದ ನೆನಪಿಸಿ. ಆ ಎರಡು ವಾರದಲ್ಲಿ ಅದೇ ಮಾಡ್ಯೂಲ್‌ನ ಬೇರೊಬ್ಬರ ಪುಲ್ ರಿಕ್ವೆಸ್ಟ್ ಒಂದನ್ನು ಇಳಿಸಿಕೊಂಡು ಓಡಿಸಿ, ಅವರ ಟೆಸ್ಟ್ ತಿದ್ದುಪಡಿ ಇಲ್ಲದೆ ಕೆಂಪಾಗುತ್ತದೆಯೇ ಎಂದು ನೋಡಿ, ಕಂಡದ್ದನ್ನು ಅಲ್ಲಿ ಬರೆಯಿರಿ.